ಕೋಡಿ ಬೆಂಗ್ರೆ ಮರಳದಿಬ್ಬದಲ್ಲಿ ಎರಡು ದೊಡ್ಡ ಕಡಲಕ್ಕಿ: ಒಂದು ಹ್ಯೂಗ್ಲಿನ್ನೋ ಸ್ಟೆಪ್ಪೋ? ಇನ್ನೊಂದು ಯಾವುದು?

ಸ್ವರ್ಣಾ_ಅಳಿವೆ (ಪ್ರಶ್ನೆ)

ಜಾಗ: ಕೋಡಿ ಬೆಂಗ್ರೆ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಅಳಿವೆ. ಸಮಯ: ಜನವರಿ ಕೊನೆಯ ವಾರ, ಬೆಳಗ್ಗೆ ಎಂಟೂವರೆ, ನೀರು ಇಳಿಯುತ್ತಿದ್ದ ಹೊತ್ತು. ಮರಳದಿಬ್ಬದ ಮೇಲೆ ಕಂದುತಲೆ ಕಡಲಕ್ಕಿಗಳ (ಬ್ರೌನ್-ಹೆಡೆಡ್ ಗಲ್) ದೊಡ್ಡ ಹಿಂಡು, ಅದರ ನಡುವೆ ಎರಡು ದೊಡ್ಡ ಹಕ್ಕಿಗಳು.

ಹಕ್ಕಿ 1: ಬೆನ್ನು ಗಾಢ ಬೂದು. ತಲೆ ಬಿಳಿ, ಆದರೆ ಕತ್ತಿನ ಹಿಂದೆ ಕಂದು ಗೀರುಗಳಿವೆ. ಕಾಲು ಹಳದಿ, ಕೊಕ್ಕು ಹಳದಿ, ಕೆಳಕೊಕ್ಕಿನ ತುದಿಯ ಹತ್ತಿರ ಕೆಂಪು ಮಚ್ಚೆ. ಹಾರುವಾಗಿನ ಚಿತ್ರದಲ್ಲಿ ರೆಕ್ಕೆಯ ತುದಿ ಕಪ್ಪು, ಒಂದೇ ಒಂದು ಬಿಳಿ ಮಚ್ಚೆ.

ಹಕ್ಕಿ 2: ಅದಕ್ಕಿಂತಲೂ ದೊಡ್ಡದು. ಬೆನ್ನು ತಿಳಿ ಬೂದು, ಮಡಚಿದ ರೆಕ್ಕೆಯಲ್ಲಿ ಕಂದು ಮಚ್ಚೆಗಳು. ಬಾಲ ಅಚ್ಚ ಬಿಳಿ, ತುದಿಗೆ ಕಪ್ಪು ಪಟ್ಟಿ. ಕೊಕ್ಕಿನ ಬುಡ ಮಾಸಲು, ತುದಿ ಕಪ್ಪು.

ಹಳೆಯ ಪುಸ್ತಕ ಮೊದಲನೆಯದನ್ನು ಹೆರಿಂಗ್ ಗಲ್ ಅನ್ನುತ್ತದೆ. ಫೋನಿನ ಆ್ಯಪ್ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಅನ್ನುತ್ತದೆ. ಇಲ್ಲಿನ ಪಟ್ಟಿಗಳಲ್ಲಿ ಹ್ಯೂಗ್ಲಿನ್ಸ್ ಎಂದಿದೆ. ಇವು ಮೂರೂ ಒಂದೇನಾ? ಎರಡನೆಯದು ಯಾವುದು? ಇವು ವರ್ಷವಿಡೀ ನಮ್ಮ ಕರಾವಳಿಯಲ್ಲೇ ಇರುತ್ತವೆಯೇ?

ದಕ್ಕೆ_ನೋಟ

ಸುಲಭದ್ದನ್ನು ಮೊದಲು ಮುಗಿಸೋಣ. ಹಕ್ಕಿ 2 ಪಲ್ಲಾಸ್ ಗಲ್, ಮೊದಲ ಚಳಿಗಾಲದ ಮರಿ. ನಮ್ಮ ಕಡೆ ಬರುವ ಕಡಲಕ್ಕಿಗಳಲ್ಲೆಲ್ಲ ದೊಡ್ಡದು ಇದೇ. ರೆಕ್ಕೆ ಬಿಡಿಸಿದರೆ ಒಂದೂವರೆ ಮೀಟರ್ ಆಸುಪಾಸು, ತೂಕ ಒಂದರಿಂದ ಎರಡು ಕಿಲೋ. ಮಲ್ಪೆ ದಕ್ಕೆಯಲ್ಲಿ ದಿನಾ ಕಾಣುವ ಗರುಡ ಇದರ ಪಕ್ಕ ಹಾರಿದರೆ ಗರುಡವೇ ಸಣ್ಣದಾಗಿ ಕಾಣುತ್ತದೆ.

ಗುಟ್ಟು ಇರುವುದು ಬೆನ್ನಿನಲ್ಲಿ. ಉಳಿದ ದೊಡ್ಡ ಗಲ್‌ಗಳ ಮರಿಗಳಿಗೆ ಮೊದಲ ಚಳಿಗಾಲ ಪೂರ್ತಿ ಬೆನ್ನು ಕಂದು ಕಂದಾಗಿಯೇ ಇರುತ್ತದೆ. ಪಲ್ಲಾಸ್ ಮರಿ ಮಾತ್ರ ಬೇಗನೆ ಬೂದು ಬೆನ್ನು ಪಡೆದುಬಿಡುತ್ತದೆ, ರೆಕ್ಕೆ ಮಾತ್ರ ಇನ್ನೂ ಕಂದು. ಹಾಗಾಗಿ ದೊಡ್ಡ ಗಾತ್ರ, ಬೂದು ಬೆನ್ನು, ಬಿಳಿ ಬಾಲಕ್ಕೆ ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ, ಈ ಮೂರೂ ಒಟ್ಟಿಗೆ ಸಿಕ್ಕರೆ ಬೇರೆ ಹೆಸರು ಹುಡುಕಬೇಕಾಗಿಲ್ಲ. ಹ್ಯೂಗ್ಲಿನ್ಸ್ ಮರಿಯ ಬಾಲದ ಪಟ್ಟಿಯ ಮೇಲಂಚು ಇಷ್ಟು ಚೊಕ್ಕ ಇರುವುದಿಲ್ಲ, ಅಲ್ಲಿ ಕಂದು ಚುಕ್ಕೆಗಳು ಚದುರಿರುತ್ತವೆ.

ಇನ್ನೊಂದು ಗುರುತು ಮುಖ. ಹಣೆ ಉದ್ದಕ್ಕೆ ಇಳಿಜಾರಾಗಿ ಕೊಕ್ಕಿಗೆ ಸೇರುತ್ತದೆ, ತಲೆಯ ಅತಿ ಎತ್ತರದ ಜಾಗ ಕಣ್ಣಿನ ಹಿಂದೆ. ಕಣ್ಣು ಕಪ್ಪು, ಅದರ ಮೇಲೂ ಕೆಳಗೂ ಬಿಳಿಯ ಅರ್ಧಚಂದ್ರ. ಚಳಿಗಾಲದಲ್ಲಿ ಕಣ್ಣಿನ ಹಿಂದೆ ಮಸಿ ಮೆತ್ತಿದಂತೆ ಕಪ್ಪು ಛಾಯೆ. ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಆ ಅರ್ಧಚಂದ್ರಗಳು ಇರಲೇಬೇಕು.

ಪೂರ್ತಿ ಬೆಳೆಯಲು ನಾಲ್ಕು ವರ್ಷ ಹಿಡಿಯುತ್ತದೆ. ಎರಡನೇ ಚಳಿಗಾಲದಲ್ಲಿ ರೆಕ್ಕೆಯೂ ಬಹುಪಾಲು ಬೂದು, ಬಾಲದ ಪಟ್ಟಿ ಸಣ್ಣದಾಗುತ್ತದೆ. ಬೆಳೆದದ್ದರ ಕೊಕ್ಕು ನೋಡಿದರೆ ಮರೆಯುವಂತಿಲ್ಲ: ಹಳದಿ, ತುದಿಗೆ ಸ್ವಲ್ಪ ಹಿಂದೆ ಕಪ್ಪು ಪಟ್ಟೆ, ತುದಿ ಕೆಂಪು. ಫೆಬ್ರವರಿ ಹೊತ್ತಿಗೆ ಬೆಳೆದ ಹಕ್ಕಿಗಳು ಕಪ್ಪು ಟೊಪ್ಪಿ ಹಾಕಿಕೊಂಡೇ ಓಡಾಡುತ್ತವೆ. ಆಗ ದೂರದಿಂದ ನೋಡಿ ‘ಬ್ಲ್ಯಾಕ್-ಹೆಡೆಡ್ ಗಲ್’ ಎಂದು ಬರೆದವರು ಕಡಿಮೆಯಿಲ್ಲ. ಆ ಹೆಸರಿನ ಹಕ್ಕಿ ಇದರ ಮೂರನೇ ಒಂದು ಭಾಗ ತೂಕವೂ ಇಲ್ಲ. ಹಳೆಯ ಪುಸ್ತಕಗಳಲ್ಲಿ ಪಲ್ಲಾಸ್‌ಗೆ ‘ಗ್ರೇಟ್ ಬ್ಲ್ಯಾಕ್-ಹೆಡೆಡ್ ಗಲ್’ ಎಂದು ಇರುವುದೂ ಈ ಗೊಂದಲಕ್ಕೆ ಒಂದು ಕಾರಣ.

ಗರಿ_ಲೆಕ್ಕ

ಹಕ್ಕಿ 1ರ ಹೆಸರಿನ ಗೋಜಲು ಮೊದಲು. ಹಳೆಯ ಭಾರತೀಯ ಪುಸ್ತಕಗಳು ಈ ಗುಂಪನ್ನೆಲ್ಲ ಹೆರಿಂಗ್ ಗಲ್ ಎಂಬ ಒಂದೇ ಹೆಸರಿನಡಿ ಹಾಕಿದ್ದವು. ಆಮೇಲೆ ಬಂದ ಕೈಪಿಡಿಗಳು ಹ್ಯೂಗ್ಲಿನ್ಸ್ ಗಲ್, ಸ್ಟೆಪ್ ಗಲ್ ಎಂದು ಬಿಡಿಸಿದವು. ಈಗ ಇ-ಬರ್ಡ್ (ಹಕ್ಕಿ ನೋಟಗಳನ್ನು ದಾಖಲಿಸುವ ಜಾಲತಾಣ) ಬಳಸುವ ಪಟ್ಟಿಯಲ್ಲಿ ಎರಡೂ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್‌ನ ಉಪಜಾತಿಗಳು: ಹ್ಯೂಗ್ಲಿನಿ (ಹ್ಯೂಗ್ಲಿನ್ಸ್) ಮತ್ತು ಬರಬೆನ್ಸಿಸ್ (ಸ್ಟೆಪ್). ಅಂದರೆ ನಿಮ್ಮ ಆ್ಯಪ್ ಹೇಳಿದ್ದೂ ಸರಿ, ಇಲ್ಲಿನ ಪಟ್ಟಿ ಹೇಳಿದ್ದೂ ಸರಿ. ಹೆರಿಂಗ್ ಗಲ್ ಅನ್ನುವ ಹೆಸರನ್ನು ಮಾತ್ರ ಕೈಬಿಡಿ.

ಈಗ ಇದು ಹ್ಯೂಗ್ಲಿನಿಯೋ ಬರಬೆನ್ಸಿಸೋ? ಎಲ್ಲರೂ ಬೆನ್ನಿನ ಬಣ್ಣದಿಂದ ಶುರು ಮಾಡುತ್ತಾರೆ, ಎಡವುವುದೂ ಅಲ್ಲೇ. ಬೂದು ಅಳೆಯುವ ಕೊಡಕ್ ಮಾಪನದಲ್ಲಿ (ಅಂಕ ಹೆಚ್ಚಿದಷ್ಟೂ ಗಾಢ) ಬರಬೆನ್ಸಿಸ್ ಸುಮಾರು 7ರಿಂದ 8.5, ಹ್ಯೂಗ್ಲಿನಿ 8ರಿಂದ ಮೇಲೆ. ನಡುವೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಹಕ್ಕಿ ಸ್ವಲ್ಪ ತಿರುಗಿ ನಿಂತರೂ ಅದೇ ಬೆನ್ನು ಒಂದು ಅಂಕ ತಿಳಿಯಾಗಿಯೋ ಗಾಢವಾಗಿಯೋ ಕಾಣುತ್ತದೆ.

ಜನವರಿ ಕೊನೆಗೆ ಇದಕ್ಕಿಂತ ನಂಬುವಂಥದ್ದು ರೆಕ್ಕೆಯ ಗರಿಗಳ ಮೋಲ್ಟ್, ಅಂದರೆ ಹಳೆಯ ಗರಿ ಉದುರಿ ಹೊಸದು ಬೆಳೆಯುವುದು. ಹ್ಯೂಗ್ಲಿನಿ ಮರಿ ಮಾಡುವುದು ರಷ್ಯಾದ ಉತ್ತರದ ತುಂದ್ರಾದಲ್ಲಿ, ಬಿಳಿ ಸಮುದ್ರದ ಕಡೆಯಿಂದ ಯಮಾಲ್ ದಾಟಿ ತೈಮಿರ್‌ನ ಪಶ್ಚಿಮದವರೆಗೆ. ಅಲ್ಲಿ ಬೇಸಿಗೆ ತಡವಾಗಿ ಬಂದು ಬೇಗ ಮುಗಿಯುತ್ತದೆ. ಅಷ್ಟರಲ್ಲಿ ಗೂಡು, ಮರಿ ಎಲ್ಲ ಆಗಬೇಕು, ಮತ್ತೆ ಸಾವಿರಾರು ಕಿಲೋಮೀಟರ್ ಹಾರಬೇಕು. ಗರಿ ಬದಲಿಸುವ ಕೆಲಸದ ದೊಡ್ಡ ಪಾಲು ಚಳಿಗಾಲಕ್ಕೆ, ಅಂದರೆ ಅರಬ್ಬೀ ಸಮುದ್ರದ ದಂಡೆಗೆ ಬಂದ ಮೇಲೆಯೇ. ಫೆಬ್ರವರಿ, ಮಾರ್ಚ್‌ವರೆಗೂ ಹೊರಗಿನ ಗರಿಗಳು ಬೆಳೆಯುತ್ತಲೇ ಇರುತ್ತವೆ. ಬರಬೆನ್ಸಿಸ್ ಮರಿ ಮಾಡುವುದು ಉತ್ತರ ಕಜಾಕಿಸ್ತಾನ ಮತ್ತು ನೈರುತ್ಯ ಸೈಬೀರಿಯಾದ ಹುಲ್ಲುಗಾವಲಿನ ಸರೋವರಗಳಲ್ಲಿ. ಅಲ್ಲಿ ಋತು ಬೇಗ ಶುರು, ಮೋಲ್ಟ್ ಕೂಡ ಬೇಗ ಶುರು. ಜನವರಿ ಕೊನೆಗೆ ಹೆಚ್ಚಿನವು ಮುಗಿಸಿರುತ್ತವೆ, ಇಲ್ಲವೇ ಕೊನೆಯ ಗರಿ ಸ್ವಲ್ಪ ಬಾಕಿ.

ನೋಡುವ ಕ್ರಮ ಹೀಗೆ. ಗಲ್‌ಗೆ ಎಣಿಕೆಗೆ ಸಿಗುವ ಪ್ರೈಮರಿ ಗರಿಗಳು (ರೆಕ್ಕೆಯ ಹೊರತುದಿಯ ಉದ್ದನೆಯ ಹಾರುಗರಿಗಳು) ಒಂದು ರೆಕ್ಕೆಗೆ 10. ಒಳಗಿನಿಂದ ಹೊರಗೆ ಎಣಿಸಬೇಕು, ತೀರಾ ಹೊರಗಿನದು ಪಿ10. ಹಾರುವ ಚಿತ್ರದಲ್ಲಿ ಹೊರ ಅಂಚಿನಿಂದ ಹಿಂದಕ್ಕೆ ಎಣಿಸುವುದು ಸುಲಭ: 10, 9, 8. ಹೊಸ ಗರಿ ಕಡುಗಪ್ಪು, ತುದಿಯಲ್ಲಿ ಚೊಕ್ಕ ಬಿಳಿ ಚುಕ್ಕೆ. ಹಳೆಯದು ಬಿಸಿಲಿಗೆ ಮಾಸಿ ಕಂದಾಗಿರುತ್ತದೆ, ತುದಿ ಚೂಪು, ಬಿಳಿ ಚುಕ್ಕೆ ಸವೆದು ಹೋಗಿರುತ್ತದೆ. ಕಪ್ಪು ಬಣ್ಣ ಕೊಡುವ ಮೆಲನಿನ್ ಗರಿಯನ್ನು ಗಟ್ಟಿಯಾಗಿಸುತ್ತದೆ. ಅದಿಲ್ಲದ ಬಿಳಿ ಭಾಗ ಮೊದಲು ತಿಂದುಹೋಗುತ್ತದೆ, ಕಪ್ಪು ದಂಟು ಮುಳ್ಳಿನ ಹಾಗೆ ಉಳಿಯುತ್ತದೆ. ಬೆಳೆಯುತ್ತಿರುವ ಗರಿ ಅಕ್ಕಪಕ್ಕದವಕ್ಕಿಂತ ಗಿಡ್ಡವಾಗಿ ಕಾಣಬೇಕು, ಎರಡೂ ರೆಕ್ಕೆಯಲ್ಲಿ ಒಂದೇ ಜಾಗದಲ್ಲಿ. ಒಂದೇ ರೆಕ್ಕೆಯಲ್ಲಿ ಸಂದು ಕಂಡರೆ ಅದು ಮೋಲ್ಟ್ ಅಲ್ಲ, ಗರಿ ಎಲ್ಲೋ ಕಿತ್ತುಹೋಗಿದೆ ಅಷ್ಟೆ.

ನಿಮ್ಮ ಹಾರುವ ಚಿತ್ರದಲ್ಲಿ ಪಿ10, ಪಿ9, ಪಿ8 ಹೇಗಿವೆ, ಹೇಳಿ.

ಕಾಳಿ_ದಂಡೆ

ಮೇಲಿನವರು ಹೇಳಿದ್ದಕ್ಕೆ ತಕರಾರಿಲ್ಲ, ಆದರೆ ಮೋಲ್ಟ್ ಒಂದನ್ನೇ ಹಿಡಿದು ಹೊರಡಬೇಡಿ. ಈ ಲೆಕ್ಕ ಬೆಳೆದ ಹಕ್ಕಿಗೆ ಮಾತ್ರ. ಮೂರನೇ ಚಳಿಗಾಲದ ಹಕ್ಕಿ ದೂರದಿಂದ ಬೆಳೆದದ್ದರ ಹಾಗೆಯೇ ಕಾಣುತ್ತದೆ, ಆದರೆ ಮರಿ ಮಾಡುವ ಕೆಲಸವಿಲ್ಲದ್ದರಿಂದ ಬೇಗ ಗರಿ ಬದಲಿಸುತ್ತದೆ. ಬಾಲದಲ್ಲಿ ಒಂದೆರಡು ಕಪ್ಪು ಕಲೆ, ಪ್ರೈಮರಿಗಳ ಬುಡದ ಮೇಲಿನ ಹೊದಿಕೆ ಗರಿಗಳಲ್ಲಿ ಕಂದು ಛಾಯೆ, ಕೊಕ್ಕಿನಲ್ಲಿ ಅಗಲ ಕಪ್ಪು ಇದ್ದರೆ ಅದು ಪೂರ್ತಿ ಬೆಳೆದದ್ದಲ್ಲ. ಮೊದಲು ವಯಸ್ಸು, ಆಮೇಲೆ ಹೆಸರು. ಗಲ್ ವಿಷಯದಲ್ಲಿ ಈ ಕ್ರಮ ತಪ್ಪಿದರೆ ಎಲ್ಲ ತಪ್ಪು.

ಜೊತೆಗೆ ನೋಡಬೇಕಾದ್ದು ತಲೆ. ಹ್ಯೂಗ್ಲಿನಿಗೆ ಚಳಿಗಾಲದಲ್ಲಿ ಕತ್ತಿನ ಹಿಂದೆ ದಪ್ಪ ಕಂದು ಗೀರುಗಳು ಸೇರಿ ಶಾಲು ಹೊದ್ದ ಹಾಗಿರುತ್ತವೆ. ಸ್ಟೆಪ್‌ಗೆ ಗೀರು ಕಡಿಮೆ, ತೆಳು, ಜನವರಿಯಲ್ಲೇ ತಲೆ ಬಹುಪಾಲು ಬಿಳಿ. ಸ್ಟೆಪ್‌ನ ತಲೆ ಸ್ವಲ್ಪ ದುಂಡು, ಕಣ್ಣು ಹಲವುಗಳಲ್ಲಿ ಗಾಢ, ಕೊಕ್ಕಿನ ಕೆಂಪು ಮಚ್ಚೆಯ ಪಕ್ಕ ಕಪ್ಪೂ ಇರುವುದು ಸಾಮಾನ್ಯ. ಹ್ಯೂಗ್ಲಿನಿಯ ಕಣ್ಣು ಸಾಮಾನ್ಯವಾಗಿ ತಿಳಿ ಹಳದಿ, ಹಾಗಾಗಿ ನೋಟ ಕೆರಳಿದ ಹಾಗೆ.

ರೆಕ್ಕೆ ತುದಿಯ ಬಿಳಿ ಮಚ್ಚೆ (ಮಿರರ್) ಒಂದೇ ಇದೆ ಎಂದಿದ್ದೀರಿ. ಹ್ಯೂಗ್ಲಿನಿಯಲ್ಲಿ ಅದು ಸಾಮಾನ್ಯವಾಗಿ ಪಿ10ರಲ್ಲಿ ಮಾತ್ರ, ಕೆಲವಕ್ಕೆ ಪಿ9ರಲ್ಲೂ ಚಿಕ್ಕದೊಂದು. ಸ್ಟೆಪ್‌ನಲ್ಲೂ ಒಂದಿರಬಹುದು, ಎರಡಿರಬಹುದು. ಇದರ ಮೇಲೆ ತೀರ್ಪು ಕೊಡಬೇಡಿ. ಪಿ9 ಬಿದ್ದುಹೋಗಿದ್ದಾಗ ಎರಡಿರುವ ಹಕ್ಕಿಯೂ ಒಂದೇ ತೋರಿಸುತ್ತದೆ ಮಾರಾಯ್ರೆ, ಯಾರೂ ಇದನ್ನು ಯೋಚಿಸುವುದೇ ಇಲ್ಲ.

ಕ್ಯಾಸ್ಪಿಯನ್ ಗಲ್ ಎಂದು ಯಾರಾದರೂ ಇಲ್ಲಿ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಅದರ ಬೆನ್ನು ಇನ್ನೂ ತಿಳಿ, ಕೊಕ್ಕು ಉದ್ದ ಮತ್ತು ಸಪೂರ, ಕಾಲು ಉದ್ದ, ಪಿ10ರ ಒಳಮಗ್ಗುಲಲ್ಲಿ ಕಪ್ಪಿನೊಳಕ್ಕೆ ನುಗ್ಗಿದ ತಿಳಿ ಬೂದು ನಾಲಿಗೆ. ಆ ನಾಲಿಗೆ ತೋರಿಸುವ ಚಿತ್ರ ಇಲ್ಲದೆ ನಮ್ಮ ಕರಾವಳಿಯಿಂದ ಆ ಹೆಸರು ಬರೆಯಬಾರದು.

ಸ್ವರ್ಣಾ_ಅಳಿವೆ

ಇಬ್ಬರಿಗೂ ಧನ್ಯವಾದ. ಚಿತ್ರ ದೊಡ್ಡದು ಮಾಡಿ ನೋಡಿದೆ.

ಹಕ್ಕಿ 1ರ ಎರಡೂ ರೆಕ್ಕೆಯಲ್ಲಿ ತೀರಾ ಹೊರಗಿನ ಗರಿ ಕಂದು, ಚೂಪು, ಬಿಳಿ ಮಚ್ಚೆ ಅದರ ಮೇಲೆಯೇ ಇದೆ, ಅಂಚು ಹರಿದ ಕಾಗದದ ಹಾಗಿದೆ. ಅದರ ಪಕ್ಕದ್ದು ಕಡುಗಪ್ಪು, ಆದರೆ ಅರ್ಧ ಉದ್ದ ಮಾತ್ರ. ಮೂರನೆಯದು ಪೂರ್ತಿ ಉದ್ದ, ಕಪ್ಪು, ತುದಿಯಲ್ಲಿ ಬಿಳಿ ಚುಕ್ಕೆ. ಬಾಲ ಅಚ್ಚ ಬಿಳಿ. ಕೊಕ್ಕಿನಲ್ಲಿ ಕಪ್ಪು ಇಲ್ಲ. ಕಣ್ಣು ತಿಳಿ. ಹಕ್ಕಿ 2ಕ್ಕೆ ಕಣ್ಣಿನ ಮೇಲೆ, ಕೆಳಗೆ ಬಿಳಿ ಇದೆ.

ಗರಿ_ಲೆಕ್ಕ

ಹಾಗಾದರೆ ಪಿ10 ಹಳೆಯದು, ಪಿ9 ಬೆಳೆಯುತ್ತಿದೆ, ಪಿ8 ಹೊಸದು. ಪಿ9 ಪೂರ್ತಿಯಾಗಿ, ಹಳೆಯ ಪಿ10 ಉದುರಿ, ಹೊಸದು ಬೆಳೆದು ಮುಗಿಯುವಾಗ ಮಾರ್ಚ್ ಬರುತ್ತದೆ. ಬಾಲ, ಕೊಕ್ಕು ಎರಡೂ ಬೆಳೆದ ಹಕ್ಕಿಯವು. ಕತ್ತಿನ ಗೀರು, ತಿಳಿ ಕಣ್ಣು, ಗಾಢ ಬೆನ್ನು ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ಹ್ಯೂಗ್ಲಿನಿ ಎಂದು ಧೈರ್ಯವಾಗಿ ಬರೆಯಿರಿ.

ಇದೇ ಹಕ್ಕಿ ಕುಳಿತಿರುವ ಚಿತ್ರದಲ್ಲಿ ರೆಕ್ಕೆ ತುದಿ ಬಾಲದಾಚೆಗೆ ಒಡ್ಡೊಡ್ಡಾಗಿ ಕಾಣುತ್ತದೆ: ಒಂದೇ ಒಂದು ಕಂದು ಕಡ್ಡಿ ಮುಂದೆ ಚಾಚಿರುತ್ತದೆ, ಅದರ ಹಿಂದೆ ಖಾಲಿ, ಆಮೇಲೆ ಕಪ್ಪು-ಬಿಳಿ ಚುಕ್ಕೆಗಳ ಸಾಲು. ಇದು ಗೊತ್ತಿದ್ದರೆ ಹಾರುವ ಚಿತ್ರ ಇಲ್ಲದೆಯೂ ಕೆಲಸ ಆಗುತ್ತದೆ.

ದಕ್ಕೆ_ನೋಟ

ವರ್ಷವಿಡೀ ಇರುತ್ತವೆಯೇ ಎಂದು ಕೇಳಿದ್ದಿರಿ. ಇಲ್ಲ. ಎರಡೂ ಚಳಿಗಾಲದ ನೆಂಟರು. ಅಕ್ಟೋಬರ್‌ನಿಂದ ಕಾಣಸಿಗುತ್ತವೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಜಾಸ್ತಿ, ಏಪ್ರಿಲ್ ಹೊತ್ತಿಗೆ ಬಹುತೇಕ ಖಾಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ, ದಕ್ಕೆಯಲ್ಲಿ ಮೀನಿಲ್ಲದೆ ಹಕ್ಕಿಗಳು ಹೋದವು ಎಂದು ಹೇಳುವವರಿದ್ದಾರೆ. ಅದು ಕಾಕತಾಳೀಯ. ಬೋಟುಗಳು ನಿಲ್ಲುವ ಹೊತ್ತಿಗೆ ಅವು ಆಗಲೇ ಸೈಬೀರಿಯಾ, ಮಧ್ಯ ಏಷ್ಯಾದ ಕಡೆ. ಒಂದೆರಡು ಎಳೆಯ ಹಕ್ಕಿಗಳು ಊರಿಗೆ ಹೋಗದೆ ಇಲ್ಲೇ ಉಳಿಯುವುದುಂಟು. ಗರಿಯೆಲ್ಲ ಬಿಳಿಚಿ ಚಿಂದಿಯಾಗಿರುತ್ತವೆ, ಮೇ ತಿಂಗಳಲ್ಲಿ ಅಂಥದ್ದಕ್ಕೆ ಹೆಸರು ಕೊಡಲು ಹೋಗದಿರುವುದೇ ಜಾಣತನ.

ಪಲ್ಲಾಸ್ ಮರಿ ಮಾಡುವ ಜಾಗಗಳು ಕಡಲಿನಿಂದ ದೂರ: ಕ್ಯಾಸ್ಪಿಯನ್ ಸುತ್ತಿನಿಂದ ಕಜಾಕಿಸ್ತಾನದ ಬಲ್ಖಾಶ್, ಮಂಗೋಲಿಯಾ, ಚೀನಾದ ಛಿಂಗ್‌ಹಾಯ್ ಸರೋವರದವರೆಗೆ, ದ್ವೀಪಗಳಲ್ಲಿ ಗುಂಪು ಗುಂಪಾಗಿ. ಚಳಿಗಾಲದಲ್ಲೂ ಅದಕ್ಕೆ ಕಡಲೇ ಬೇಕೆಂದಿಲ್ಲ, ಗಂಗೆ, ಚಂಬಲ್‌ನಂಥ ದೊಡ್ಡ ನದಿಗಳಲ್ಲೂ ಇರುತ್ತದೆ. ಹಾಗಾಗಿ ಒಳನಾಡಿನ ಜಲಾಶಯದಲ್ಲಿ ಬಾತುಕೋಳಿಗಿಂತ ದೊಡ್ಡ ಗಲ್ ಕಂಡರೆ ಮೊದಲ ಊಹೆ ಪಲ್ಲಾಸ್ ಇರಲಿ. ಹ್ಯೂಗ್ಲಿನಿ, ಸ್ಟೆಪ್ ಎರಡೂ ಇಲ್ಲಿ ಉಪ್ಪುನೀರು ಬಿಟ್ಟು ಬರುವುದು ಕಡಿಮೆ. ಪರ್ಷಿಯನ್ ಕೊಲ್ಲಿ, ಒಮಾನ್, ಗುಜರಾತ್ ದಂಡೆಗಳಲ್ಲಿ ಇವುಗಳ ಜನಜಂಗುಳಿ, ಹ್ಯೂಗ್ಲಿನಿ ಪೂರ್ವ ಆಫ್ರಿಕಾಕ್ಕೂ ಹೋಗುತ್ತದೆ. ಗುಜರಾತ್‌ನಿಂದ ದಕ್ಷಿಣಕ್ಕೆ ಬಂದಷ್ಟೂ ತೆಳುವಾಗುತ್ತದೆ. ನಮ್ಮಲ್ಲಿ ಇನ್ನೂರು ಕಂದುತಲೆಗೆ ಒಂದೋ ಎರಡೋ ಸಿಗುವುದು ಇದಕ್ಕೇ. ಅಂದಹಾಗೆ ಆ ಕಂದುತಲೆ ಬರುವುದು ಲಡಾಖ್, ಟಿಬೆಟ್‌ನ ಎತ್ತರದ ಸರೋವರಗಳಿಂದ. ಒಂದೇ ಮರಳದಿಬ್ಬದಲ್ಲಿ ಮೂರು ದಿಕ್ಕಿನವರು.

ಹುಡುಕಬೇಕಾದ ಜಾಗ: ಮಲ್ಪೆ ಬಂದರು, ಗಂಗೊಳ್ಳಿ, ಹೊನ್ನಾವರದ ಶರಾವತಿ ಅಳಿವೆ, 2024ರಲ್ಲಿ ರಾಮ್ಸರ್ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ) ಪಟ್ಟಿ ಸೇರಿದ ಅಘನಾಶಿನಿ ಅಳಿವೆ, ಕಾರವಾರದ ಕಾಳಿ ಅಳಿವೆ, ಮಂಗಳೂರಿನಲ್ಲಿ ನೇತ್ರಾವತಿ-ಗುರುಪುರ ಅಳಿವೆಯ ಬೆಂಗ್ರೆ ಬದಿ. ಬಂದರಿನಲ್ಲಿ ಬೋಟುಗಳು ಬಲೆ ಕೊಡವುವಾಗ ಹಾರುವ ಚಿತ್ರ ಸಿಗುತ್ತದೆ. ಕುಳಿತು ಗರಿ ಎಣಿಸಲು ಮರಳದಿಬ್ಬವೇ ಒಳ್ಳೆಯದು, ಇಳಿತ ಶುರುವಾದ ಒಂದೆರಡು ಗಂಟೆಯೊಳಗೆ. ನೀರು ಪೂರ್ತಿ ಇಳಿದರೆ ಹಿಂಡು ದೂರದ ಕೆಸರಿಗೆ ಚದುರುತ್ತದೆ.

ಕಾಳಿ_ದಂಡೆ

ಚಿತ್ರದ ಬಗ್ಗೆ ಎರಡು ಮಾತು, ಏಕೆಂದರೆ ಇಲ್ಲಿ ಬರುವ ಅರ್ಧ ಪ್ರಶ್ನೆಗಳು ಎಕ್ಸ್‌ಪೋಶರ್ ತಪ್ಪಿನಿಂದಲೇ ಕಷ್ಟವಾಗುವುದು.

ಬಿಳಿ ಮರಳು, ಬಿಳಿ ಹಕ್ಕಿ ಫ್ರೇಮ್ ತುಂಬಿದ್ದರೆ ಕ್ಯಾಮೆರಾ ಎಲ್ಲವನ್ನೂ ಕಪ್ಪಾಗಿಸುತ್ತದೆ. ಆಗ ಸ್ಟೆಪ್ ಕೂಡ ಹ್ಯೂಗ್ಲಿನಿಯಾಗುತ್ತದೆ. ಕಾಂಪೆನ್ಸೇಶನ್ (ಚಿತ್ರದ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಪ್ಲಸ್ 0.7 ಇಡಿ. ಹಿನ್ನೆಲೆ ಗಾಢ ನೀರಾದರೆ ಉಲ್ಟಾ: ಹಕ್ಕಿ ಬೆಳ್ಳಗೆ ಸುಟ್ಟುಹೋಗಿ ಮಿರರ್ ಎಲ್ಲಿ, ಸವೆದ ತುದಿ ಎಲ್ಲಿ ಎಂದು ತಿಳಿಯುವುದಿಲ್ಲ. ಮೈನಸ್ 0.7ರಿಂದ 1. ಬೆನ್ನಿನ ಬಣ್ಣ ಹೋಲಿಸುವುದಾದರೆ ಮೋಡದ ದಿನ, ಇಲ್ಲವೇ ಬಿಸಿಲು ನಿಮ್ಮ ಬೆನ್ನ ಹಿಂದಿರುವಾಗ. ಅದೇ ಫ್ರೇಮಿನಲ್ಲಿ, ಅದೇ ಕೋನದಲ್ಲಿ ನಿಂತ ಕಂದುತಲೆಯೊಂದು ಇರಲಿ, ಅದರ ತಿಳಿ ಬೂದು ಬೆನ್ನೇ ಅಳತೆಗೋಲು. ಮಿಂದು ಬಂದ ಹಕ್ಕಿಯ ಒದ್ದೆ ಬೆನ್ನಿನಿಂದ ಏನನ್ನೂ ತೀರ್ಮಾನಿಸಬೇಡಿ.

ಹಕ್ಕಿ ಹಾರುವಾಗ ಒಂದೇ ಚಿತ್ರ ಸಾಲದು, ಹತ್ತಾದರೂ ಹೊಡೆಯಿರಿ. ರೆಕ್ಕೆ ಕೆಳಗೆ ಬಡಿಯುವಾಗ ಗರಿಗಳು ಬಿಚ್ಚಿಕೊಳ್ಳುತ್ತವೆ, ಮೇಲೆ ಹೋಗುವಾಗ ಒಂದರಡಿ ಒಂದು ಸೇರಿ ಬೆಳೆಯುತ್ತಿರುವ ಗರಿ ಅಡಗಿಬಿಡುತ್ತದೆ.

ಕಾಲಿನಲ್ಲಿ ಅಧ್ಯಯನಕ್ಕಾಗಿ ತೊಡಿಸಿದ ಉಂಗುರ (ರಿಂಗ್) ಇದೆಯೇ ಎಂದು ನೋಡುವ ರೂಢಿ ಇರಲಿ. ಬಣ್ಣದ ರಿಂಗ್ ಆದರೆ ಯಾವ ಕಾಲು, ರಿಂಗ್ ಬಣ್ಣ, ಅಕ್ಷರದ ಬಣ್ಣ, ಅಕ್ಷರಗಳ ಕ್ರಮ ನಾಲ್ಕನ್ನೂ ಬರೆದುಕೊಳ್ಳಿ. ಲೋಹದ ರಿಂಗ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಮಾಸ್ಕ್ವಾ’ ಎಂದಿದ್ದರೆ ಅದು ರಷ್ಯಾದ್ದು.

ಸ್ವರ್ಣಾ_ಅಳಿವೆ

ಇ-ಬರ್ಡ್‌ಗೆ ಹಾಕುವಾಗ ‘ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್’ ಎಂದಷ್ಟೇ ಹಾಕಲೇ, ಹ್ಯೂಗ್ಲಿನ್ಸ್ ಎಂದು ಬಿಡಿಸಿ ಹಾಕಲೇ?

ಗರಿ_ಲೆಕ್ಕ

ಆವರಣದಲ್ಲಿ ಹ್ಯೂಗ್ಲಿನ್ಸ್ ಎಂದಿರುವ ಆಯ್ಕೆಯನ್ನೇ ಒತ್ತಿ, ಟಿಪ್ಪಣಿಯಲ್ಲಿ ‘ಪಿ10 ಹಳೆಯದು, ಪಿ9 ಅರ್ಧ ಬೆಳೆದಿದೆ, ಪಿ8 ಹೊಸದು’ ಎಂದು ಸೇರಿಸಿ. ಪರಿಶೀಲಿಸುವವರಿಗೆ ಆ ಒಂದು ಸಾಲು ಐದು ಚಿತ್ರಕ್ಕೆ ಸಮ. ಮೋಲ್ಟ್ ಕಾಣದ, ಬೆನ್ನು ನಡುಬಣ್ಣದ ಹಕ್ಕಿಯಾದರೆ ಆವರಣವಿಲ್ಲದ ಹೆಸರು ಸಾಕು. ಎಳೆಯದಾಗಿ ಏನೂ ತಿಳಿಯದಿದ್ದರೆ ‘ಗಲ್, ಜಾತಿ ತಿಳಿಯದು’ ಎನ್ನುವ ಆಯ್ಕೆಯೂ ಇದೆ, ಅದನ್ನು ಬಳಸಲು ಸಂಕೋಚ ಬೇಡ. ಪಲ್ಲಾಸ್‌ನ ವಯಸ್ಸನ್ನೂ ನಮೂದಿಸಿ.

ದಕ್ಕೆ_ನೋಟ

ಕೊನೆಗೊಂದು. ದಿಬ್ಬದಲ್ಲಿ ಸತ್ತು ಬಿದ್ದ ಗಲ್ ಸಿಕ್ಕರೆ ಗರಿ ಎಣಿಸುವ ಆಸೆಯಿಂದ ಬರಿಗೈಯಲ್ಲಿ ಎತ್ತಬೇಡಿ. 2005ರಲ್ಲಿ ಛಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸತ್ತವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳ ಜೊತೆ ಪಲ್ಲಾಸ್ ಮತ್ತು ಕಂದುತಲೆ ಗಲ್‌ಗಳೂ ಇದ್ದವು. ಕೋಲಿನಿಂದ ರೆಕ್ಕೆ ಬಿಡಿಸಿ ಚಿತ್ರ ತೆಗೆಯಿರಿ. ನಾಲ್ಕೈದು ಒಟ್ಟಿಗೆ ಸತ್ತಿದ್ದರೆ ಹತ್ತಿರ ಹೋಗದೆ ಪಶುವೈದ್ಯ ಇಲಾಖೆಗೆ ಮತ್ತು ಅರಣ್ಯ ಇಲಾಖೆಗೆ ತಿಳಿಸಿ.